ತಲೆನೋವಿಲ್ಲದವನ ತಲೆನೋವಿನ ಮಾತ್ರೆಗಳು

ನನ್ನ ಭಾವಮೈದನಿಗೆ ಅರವತ್ತೆರಡು ವರ್ಷ. ಇಲ್ಲಿಯವರೆಗೆ ಒಂದು ದಿನವೂ ತಲೆ ನೋವು ಬಂದಿಲ್ಲ. ಆದರೆ ತಲೆನೋವು ತಡೆಯುವ ಪುಡಿ, ಕಷಾಯ, ಮಾತ್ರೆಗಳಲ್ಲಿ ಅವನು ನುಂಗದೆ ಬಿಟ್ಟದ್ದು ಡಬ್ಬಿಯ ಮುಚ್ಚಳ ಮಾತ್ರ!

ತಲೆನೋವಿರುವುದು ಅವನ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ. ಅರೆತಲೆನೋವು. ಬಂತೆಂದರೆ ಒಳಕೋಣೆಯ ಬಾಗಿಲು ಹಾಕಿ, ಹಣೆಗೆ ಒದ್ದೆ ಬಟ್ಟೆ ಕಟ್ಟಿ, ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಾಳೆ. ಈಚೆ ಪಡಸಾಲೆಯಲ್ಲಿ ನಮ್ಮ ನಾಲ್ಕು ಮಗ್ಗಗಳು ಟಕಾಟಕ್ ಟಕಾಟಕ್. ದೊಡ್ಡಬಳ್ಳಾಪುರದ ನಮ್ಮಂಥ ನೇಕಾರರ ಮನೆಯಲ್ಲಿ ಮಗ್ಗ ನಿಲ್ಲುವುದು ಕರೆಂಟ್ ಹೋದಾಗ ಮಾತ್ರ. ಕರೆಂಟ್ ಹೋದ ದಿನ ಅವಳು ಬೇಗ ಎದ್ದು ಬರುತ್ತಿದ್ದಳು. "ನಿನ್ನ ತಲೆನೋವಿಗೂ ಮೀಟರ್ ಕೂರಿಸವ್ರೇನೇ?" ಎಂದು ನಾನು ನಗುತ್ತಿದ್ದೆ. ಎಪ್ಪತ್ತು ದಾಟಿದ ಮೇಲೆ ಒಪ್ಪಿಕೊಳ್ಳುತ್ತೇನೆ: ಆ ಮಾತಿಗೆ ನಕ್ಕವನು ನಾನೊಬ್ಬನೇ.

ಭಾವಮೈದನದು ಒಂದೇ ಕಾನೂನು. "ಅಕ್ಕನ ಹೊಟ್ಟೆಗೆ ಹೋಗೋದು ಮೊದ್ಲು ನನ್ನ ಹೊಟ್ಟೇಲಿ ಒಂದು ತಿಂಗ್ಳು ಪಾಸಾಗ್ಬೇಕು ಭಾವ. ಆಮೇಲೆ ಡಾಕ್ಟ್ರು ಹೂಂ ಅನ್ಬೇಕು."

"ನಿಂಗೆ ತಲೇನೇ ನೋಯಲ್ವಲ್ಲೋ! ಕೆಲ್ಸ ಮಾಡ್ತು ಅಂತ ಹೆಂಗೆ ಗೊತ್ತಾಗ್ತದೆ?"

"ನೋವು ಹೋಯ್ತಾ ಅಂತಲ್ಲ ಭಾವ, ನಾನು ಹೋದ್ನಾ ಅಂತ ನೋಡೋದು!"

ಮೊದಲು ಬಂದದ್ದು ಒಂದು ವಿಟಮಿನ್ ಮಾತ್ರೆ. ಮೂರನೆಯ ದಿನ ಬೆಳಗ್ಗೆ ಅವನ ಊರಾದ, ಪಕ್ಕದ ತಾಲ್ಲೂಕಿನ ವಿಜಯಪುರದಿಂದ ಫೋನು. "ಭಾವ, ನಂಗೆ ಕಾಮಾಲೆ! ಅರಿಶಿನ ಕದಡಿದಂಗೆ ಹೋಗ್ತಾ ಐತೆ!" ಮಗ್ಗದ ಸದ್ದಿನಲ್ಲಿ ನನಗೆ ಕೇಳಲೆಂದು ಅವನು ಕಿರುಚಿದ್ದು ಎದುರುಮನೆಗೂ ಕೇಳಿಸಿತು! ಡಾಕ್ಟರು ನಕ್ಕು, ಅದು ಮಾತ್ರೆಯದೇ ಬಣ್ಣ ಎಂದರಂತೆ. ಆಮೇಲೆ ಮೆಗ್ನೀಷಿಯಂ. ಅದು ತಲೆಗೆ ಏನು ಮಾಡಿತೋ ಕಾಣೆ, ಹೊಟ್ಟೆಯನ್ನಂತೂ ಬಿಡಲಿಲ್ಲ. ವಿಜಯಪುರದಿಂದ ನಮ್ಮೂರಿನವರೆಗೆ ಎಲ್ಲೆಲ್ಲಿ ಶೌಚಾಲಯವಿದೆ ಎಂದು ಅವನು ಇವತ್ತೂ ಕಣ್ಣು ಮುಚ್ಚಿ ಹೇಳಬಲ್ಲ. ಅಶ್ವಗಂಧದ ತಿಂಗಳಲ್ಲಿ ಬಸ್ಸಿನಲ್ಲಿ ಎಂಥ ನಿದ್ದೆ ಹೊಡೆದನೆಂದರೆ, ನಮ್ಮೂರಿಗೆ ಬಂದು, ಇಳಿಯದೆ, ಅದೇ ಬಸ್ಸಿನಲ್ಲಿ ವಾಪಸ್ ವಿಜಯಪುರ!

"ನಗಿಸ್ಬೇಡ್ವೋ, ತಲೆ ಸಿಡೀತದೆ" ಎನ್ನುತ್ತಲೇ ನನ್ನ ಹೆಂಡತಿ ನಗುತ್ತಿದ್ದಳು. ಅವಳನ್ನು ನಗಿಸಲು ಅವನು ಬೇಕಿತ್ತು. ಮನೆಯಲ್ಲೇ ಇದ್ದ ನನ್ನಿಂದ ಅದಾಗಲಿಲ್ಲ! ಡಾಕ್ಟರು ಒಪ್ಪಿದ ಮೇಲೆ ಆ ಹಳದಿ ವಿಟಮಿನ್ ಮಾತ್ರೆ ಅವಳಿಗೂ ಬಂತು. ನೋವು ಪೂರ್ತಿ ಹೋಗಲಿಲ್ಲ. ಬರುವುದು ಕೊಂಚ ತಡವಾಯಿತು.

ಕೊನೆಗೆ ಅವನು ತಂದದ್ದು ಮನಸ್ಸಿನ ಮಂಕು ಕಳೆಯುವುದೆಂಬ, ಯಾವುದೋ ದೇಶದ ಹಳದಿ ಹೂವಿನ ಕ್ಯಾಪ್ಸೂಲು. ತಾನು ಒಂದು ತಿಂಗಳು ನುಂಗಿದ. ಅಕ್ಕನಿಗೆ ಮಾತ್ರ ಕೊಡಲಿಲ್ಲ.

"ಏನಪ್ಪಾ, ಇದೊಂದು ನಿಂಗೇ ಇಟ್ಕೊಂಡ್ಬಿಟ್ಟೆ?" ಎಂದು ಕೆಣಕಿದೆ.

"ಡಾಕ್ಟ್ರು ಬೇಡ ಅಂದ್ರು ಭಾವ. ಅಕ್ಕ ಮನಸ್ಸಿಗೆ ಅಂತ ಮಾತ್ರೆ ತಗೊಂತಾವ್ಳಲ್ಲ, ಅದ್ರ ಜೊತೆ ಇದು ಸೇರ್ಬಾರ್ದಂತೆ."

"ಯಾವ ಮಾತ್ರೆ?"

ಅವನು ನಾಲಿಗೆ ಕಚ್ಚಿಕೊಂಡ.

"ಎಷ್ಟು ದಿನದಿಂದ್ಲೋ?"

"ಎರಡು ವರ್ಷ ಆಯ್ತು. ನೀವು ನಗ್ತೀರಾ ಅಂತ ಹೇಳ್ಬೇಡ ಅಂದಿದ್ಲು."

ಪ್ರತಿ ತಿಂಗಳು ಅವಳು ಒಂದು ದಿನ ವಿಜಯಪುರಕ್ಕೆ ಹೋಗುತ್ತಿದ್ದದ್ದು ಇದಕ್ಕೆ, ಅಲ್ಲಿನ ಡಾಕ್ಟರನ್ನು ಕಾಣಲು. "ಈ ವಯಸ್ಸಲ್ಲೂ ತವರಿನ ಹುಚ್ಚು" ಎಂದು ನಾನು ಅದಕ್ಕೂ ನಕ್ಕಿದ್ದೆ. ಮನಸ್ಸು ಕುಗ್ಗಿದವಳು ಗೋಡೆಯ ಆ ಕಡೆ ಮಲಗಿದ್ದಳು. ಈ ಕಡೆ ನಾನು ಸೀರೆಯಲ್ಲಿ ಒಂದು ಎಳೆ ತಪ್ಪಿದರೂ ಕಂಡುಹಿಡಿಯುತ್ತಿದ್ದೆ.

ಅವತ್ತೂ ಅವಳು ಒದ್ದೆ ಬಟ್ಟೆ ಕಟ್ಟಿ ಮಲಗಿದ್ದಳು. ಎದ್ದು ಹೋಗಿ ನಾಲ್ಕು ಮಗ್ಗಗಳ ಸ್ವಿಚ್ಚೂ ಆರಿಸಿದೆ. ಸದ್ದು ನಿಂತಿತು.

"ಭಾವ, ಈ ಮದ್ದನ್ನ ನಾನು ಟೆಸ್ಟೇ ಮಾಡ್ಲಿಲ್ವಲ್ಲ!" ಭಾವಮೈದ ಪಿಸುಗುಟ್ಟಿದ. ನಮ್ಮ ಮನೆಯಲ್ಲಿ ಪಿಸುಮಾತು ಕೇಳಿಸಿದ್ದು ಅದೇ ಮೊದಲು!

ಒಳಕೋಣೆಯ ಬಾಗಿಲು ತೆರೆಯಿತು. "ರೀ, ಕರೆಂಟ್ ಹೋಯ್ತಾ?"

"ಇಲ್ಲ ಕಣೇ. ನಾನೇ ನಿಲ್ಲಿಸ್ದೆ."

ಅವಳು ತಲೆಯೆತ್ತಿ ಉರಿಯುತ್ತಿದ್ದ ಬಲ್ಬನ್ನು ನೋಡಿದಳು. ನನ್ನ ಮುಖ ನೋಡಿದಳು. ಮೆಲ್ಲಗೆ ಬಂದು, ತನ್ನ ಹಣೆಯ ಒದ್ದೆ ಬಟ್ಟೆಯನ್ನೂ ಬಿಚ್ಚದೆ, ಜ್ವರವೇನಾದರೂ ಬಂದಿದೆಯೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು.