ನೆಪದ ಹಲ್ಲು

ಭಂಡಿಗಡಿಯ ಟೈಲರ್ ಹರೀಶನಿಗೆ ಬೆಳಗ್ಗೆ ಒಂದು ಗುಟುಕು ಗಂಟಲಿಗಿಳಿಯದೆ ಸೂಜಿಗೆ ದಾರ ಹೋಗುತ್ತಿರಲಿಲ್ಲ. ಇಳಿದ ಮೇಲೆ ದಾರವೇನೋ ಹೋಗುತ್ತಿತ್ತು, ತೋಳು ಎಲ್ಲಿಗೆ ಹೋಗುತ್ತದೆಂದು ಮಾತ್ರ ಹೇಳುವಂತಿರಲಿಲ್ಲ. ಮಗಳು ಭವ್ಯಳ ಯೂನಿಫಾರ್ಮಿಗೇ ಒಂದು ತೋಳನ್ನು ಒಳಮೈ ಹೊರಗಾಗಿಸಿ ಹೊಲಿದುಬಿಟ್ಟ. ಅವಳು ಸೋಮವಾರ ಅದನ್ನೇ ತೊಟ್ಟು ಹೈಸ್ಕೂಲಿಗೆ ಹೋದಳು. ಬೈದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ.

"ಇದು ಕಾಯಿಲೆನೇ ಪುಟ್ಟಿ. ನನ್ ಕೈಲಿ ಬಿಡಕ್ಕಾಗ್ತಿಲ್ಲ" ಎಂದ ಸಂಜೆ, ಮೊದಲ ಸಲ.

ಭವ್ಯ ಕೂಡಲೇ ಕೊಪ್ಪದ ಆಸ್ಪತ್ರೆಯೊಂದಕ್ಕೆ ಫೋನ್ ಮಾಡಿ ಹೆಸರು ಬರೆಸಿದಳು. ಕುಡಿತ ಬಿಡಿಸುವ ಡಾಕ್ಟರು ಅಲ್ಲಿಗೆ ಬರುವುದು ಮಂಗಳವಾರ ಮಾತ್ರ.

"ನಾಳೆ ಕುಡೀದೆ ಹೋಗಿ ಬಾ ಅಪ್ಪ. ಇದೊಂದ್ಸಲ ನಂಬ್ತೀನಿ."

ಮಂಗಳವಾರ ಒಂದು ತೊಟ್ಟೂ ಮುಟ್ಟದೆ ಬಸ್ ಹತ್ತಿದ. ಪಕ್ಕದ ಸೀಟಿನಲ್ಲಿ ನಿವೃತ್ತ ಮೇಷ್ಟ್ರು ಜಯದೇವಪ್ಪ. ಊರಿನಲ್ಲಿ ಯಾರ ಮನೆಯ ಹಾಲು ಒಡೆದರೂ ಕಾರಣ ವಿಚಾರಿಸುವ ಮನುಷ್ಯ.

"ಎಂತ ಮಾರಾಯ, ಕೈ ಹೀಂಗ್ ನಡುಗ್ತಾ ಇದೆ? ಎಲ್ಲಿಗೆ?"

"ಹಲ್ಲು ನೋವು ಮೇಷ್ಟ್ರೇ. ಆಸ್ಪತ್ರೆಗೆ."

"ಓಹೋ! ನಾನೂ ಅಲ್ಲಿಗೇ, ಮಂಡಿ ನೋವಿಗೆ. ಹಲ್ಲಿನ ಡಾಕ್ಟ್ರು ನನ್ ಶಿಷ್ಯ. ನಾನೇ ತೋರಿಸ್ತೀನಿ ಬಾ."

"ಬೇಡ ಮೇಷ್ಟ್ರೇ, ಈಗ ಕಮ್ಮಿ ಆಯ್ತು."

"ಹೆದರ್ಬೇಡ ಮಾರಾಯ!"

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಇಬ್ಬರೂ ಎರಡು ಗಂಟೆ ಕಾದರು. ಹುಡುಕಿದರೆ ಯಾರ ಬಾಯಲ್ಲಿ ಒಂದು ಹುಳುಕು ಸಿಗುವುದಿಲ್ಲ? ಹರೀಶನದೂ ಸಿಕ್ಕಿತು. ಸೂಜಿ ನೋಡಿದ್ದೇ ತಡ, ಟೈಲರಾಗಿಯೂ ನಾಚಿಕೆಯಿಲ್ಲದೆ ಮೇಷ್ಟ್ರ ಕೈಯನ್ನು ಉಡದಂತೆ ಹಿಡಿದುಕೊಂಡ. ಹಲ್ಲು ಈಚೆಗೆ ಬರುವವರೆಗೂ ಬಿಡಲಿಲ್ಲ.

ಬಾಯಿ ತುಂಬ ಹತ್ತಿ ತುರುಕಿಕೊಂಡು ಹೊರಬಂದಾಗ ಪಕ್ಕದಲ್ಲಿದ್ದ, ಕುಡಿತ ಬಿಡಿಸುವ ಡಾಕ್ಟರ ಕೋಣೆಗೆ ನರ್ಸಮ್ಮ ಬೀಗ ಹಾಕುತ್ತಿದ್ದರು.

"ಭಂಡಿಗಡಿ ಹರೀಶ, ಭಂಡಿಗಡಿ ಜಯದೇವಪ್ಪ ನೀವೇನಾ? ಈಗಷ್ಟೇ ಮೂರ್ ಸಲ ಕರೆದೆ. ಡಾಕ್ಟ್ರು ಹೊರಟೋದ್ರು. ಇನ್ನು ಮುಂದಿನ ವಾರವೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿನ್ನ ಕುರ್ಚಿ ಮೇಲೆ ಕೂರಿಸಿ ಮೆಲ್ಲಗೆ ಇಲ್ಲಿಗೆ ಬರಣ ಅಂತಿದ್ದೆ. ನೀ ಕೈಯೇ ಬಿಡ್ಲಿಲ್ಲ" ಎಂದರು ಮೇಷ್ಟ್ರು. ಆ ಕೈಯೂ ನಡುಗುತ್ತಿದ್ದುದನ್ನು ಹರೀಶ ಈಗ ಗಮನಿಸಿದ. "ನನ್ ವಿಷಯ ಯಾರಿಗೂ ಹೇಳ್ಬೇಡ ಮಾರಾಯ. ಆಣೆ ಮಾಡು."

ಹರೀಶ ಆಗಲೆಂದು ತಲೆಯಾಡಿಸಿದ. ಬೆಳಗ್ಗೆ ಬಸ್ಸಿನಲ್ಲಿ ಇಬ್ಬರಲ್ಲೊಬ್ಬರು ನಿಜ ಹೇಳಿದ್ದರೆ ಸಾಕಿತ್ತಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡ.

ಭವ್ಯ ಬಾಗಿಲಲ್ಲೇ ಕಾಯುತ್ತಿದ್ದಳು. ಮೈಮೇಲೆ ಅದೇ ಯೂನಿಫಾರ್ಮು.

"ಪುಟ್ಟೀ, ನಾ ಕುಲೀಲಿಲ್ಲ..." ಎಂದ. ಅರ್ಧ ನಾಲಗೆ ಇನ್ನೂ ಮರಗಟ್ಟಿತ್ತು. ಬಾಯಿಂದ ಔಷಧಿಯ ಘಾಟು ಬಂತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಡಾಕ್ಟ್ರ ಹತ್ರ ಹೋಗಿದ್ದಾ?"

"ಹೋಗಿದ್ದೆ. ಹಲ್ಲು ಕಿತ್ರು."

ಭವ್ಯ ಅಪ್ಪನ ಮುಖವನ್ನೇ ನೋಡಿದಳು. "ಕುಡಿತ ಬಿಡ್ಸೋ ಡಾಕ್ಟ್ರು ಹಲ್ಲು ಕಿತ್ರಾ ಅಪ್ಪ?"

ಮೇಷ್ಟ್ರ ಹೆಸರು ನಾಲಗೆಯ ತುದಿಗೆ ಬಂತು. ಆಣೆ ನೆನಪಾಗಿ ನುಂಗಿಕೊಂಡ. ಭವ್ಯ ಒಳಗೆ ಹೋದಳು. ಬಟ್ಟೆ ಬದಲಿಸಿ ಬಂದು ಮಷಿನ್ನಿನ ಮುಂದೆ ಕುಳಿತಳು. ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ, ಯೂನಿಫಾರ್ಮಿನ ಆ ತೋಳನ್ನು ತಾನೇ ಬಿಚ್ಚತೊಡಗಿದಳು.