ಬಿಕ್ಕುವ ಇಂಜಿನ್

ಗುಮಾಸ್ತರ ಡೀಸೆಲ್ ಇಂಜಿನ್ ಗಾತ್ರದಲ್ಲಿ ಹೆಬ್ಬೆರಳಿಗಿಂತ ದೊಡ್ಡದಲ್ಲ, ಬಾಯಿ ಮಾತ್ರ ಬೀದಿಯುದ್ದ. ಆಟದ ವಿಮಾನಕ್ಕೆಂದು ತಂದ ಅದನ್ನು ತಾರಸಿಯಲ್ಲಿ ಒಂದು ಹಲಗೆಗೆ ಬಿಗಿದು, ವಾರದಿಂದ ಅದನ್ನು ಓಡಿಸಲೆಂದು ಬೆರಳಿನಿಂದ ಪಂಖ ತಿರುಗಿಸುತ್ತಿದ್ದರು. ಅದು ಕೆಮ್ಮುತ್ತಿತ್ತು, ಬಿಕ್ಕುತ್ತಿತ್ತು, ಒಂದಿಷ್ಟು ಓಡಿ ಮುಗ್ಗರಿಸುತ್ತಿತ್ತು.

ಭಾನುವಾರ ಮಧ್ಯಾಹ್ನ, ಗುಮಾಸ್ತರು ಬಾಡಿಗೆಗಿದ್ದ ಮನೆಯ ಯಜಮಾನಮ್ಮ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದರು.

“ನೋಡಿ, ಮಗಳು ಕೂಸನ್ನ ಕರ್ಕೊಂಡು ಬಂದಿದಾಳೆ. ಇದು ಹೀಗೆ ಬಿಕ್ತಾ ಇದ್ರೆ ಮಗು ಮಲಗೋದು ಹೇಗೆ? ಸಂಜೆಯೊಳಗೆ ಒಂದೇ ಸಮ ಓಡ್ಬೇಕು. ಇಲ್ಲಾಂದ್ರೆ ತಾರಸಿ ಖಾಲಿ ಮಾಡಿ.”

ಇಂಜಿನ್ನಿನ ವಾಸನೆಯನ್ನು ಗುಮಾಸ್ತರ ಹೆಂಡತಿ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ತಾರಸಿ ಹೋದರೆ ವಿಮಾನವೂ ಹೋದಂತೆಯೇ.

ಇಂಜಿನ್ನಿಗೆ ಇರುವುದು ಎರಡೇ ತಿರುಪು. ತಲೆಯ ಮೇಲಿನದು ಒತ್ತಡಕ್ಕೆ, ಪಕ್ಕದ ಸೂಜಿ ಎಣ್ಣೆಗೆ. ಒಂದನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ಕೇಳಿ, ಆಮೇಲೆ ಇನ್ನೊಂದನ್ನು ಮುಟ್ಟಬೇಕು. ಗುಮಾಸ್ತರು ಹಾಗೆಯೇ ಮಾಡುತ್ತಿದ್ದರು, ಪಕ್ಕದ ಮನೆಯ ನಿವೃತ್ತ ಬಸ್ ಚಾಲಕರು ಬರುವ ತನಕ.

“ಒತ್ತಡ ಸಾಲ್ದು ಕಣ್ರೀ. ಡೀಸೆಲ್ ಜೊತೇಲೇ ಸಂಸಾರ ಮಾಡಿದೋನು ನಾನು,” ಎಂದು ಚಾಲಕರು ತಲೆಯ ತಿರುಪನ್ನು ಬಿಗಿದರು.

ಬೆನ್ನಿಗೇ ಬಂದ ಎದುರುಮನೆಯ ದರ್ಜಿ, “ಸೂಜಿ ವಿಷಯ ನನಗೆ ಬಿಡಿ,” ಎಂದು ಅದನ್ನು ಹಿಡಿದ.

“ಇಬ್ರೂ ಒಟ್ಟಿಗೆ ತಿರುಗಿಸ್ಬೇಡಿ,” ಎಂದರು ಗುಮಾಸ್ತರು.

“ಒಂದೇ ಕೈಯಲ್ಲಿ ಚಪ್ಪಾಳೆ ಆಗುತ್ತಾ?” ಎಂದ ದರ್ಜಿ.

ಗುಮಾಸ್ತರು ತಿರುಗಿಸಿದ ಪಂಖ ಹಿಂದಕ್ಕೆ ಒದ್ದು ಅವರ ಬೆರಳು ಊದಿ ಬದನೆಕಾಯಿಯಾಯಿತು. ಚಾಲಕರು ತುಸು ಸಡಿಲಿಸಿದರು, ದರ್ಜಿ ಇನ್ನಷ್ಟು ಬಿಗಿದ. ಬೆರಳಿಗೆ ಬಟ್ಟೆ ಸುತ್ತಿಕೊಂಡ ಗುಮಾಸ್ತರು ಸಿಟ್ಟಿನಲ್ಲಿ ಪಂಖಕ್ಕೊಂದು ಏಟು ಕೊಟ್ಟರು. ಇಂಜಿನ್ ಓಡಿತು. ಕೆಮ್ಮಿಲ್ಲ, ಬಿಕ್ಕಿಲ್ಲ, ನೂಲು ತೆಗೆದ ಹಾಗೆ ಒಂದೇ ಸಮ ಹಾಡಿತು. ಯಾರ ಕೈಗುಣವೆಂದು ಮೂವರಿಗೂ ತಿಳಿಯಲಿಲ್ಲ. ಗುಮಾಸ್ತರಿಗಂತೂ ಅಳು ಬರುವಷ್ಟು ಸಂತೋಷವಾಯಿತು.

ಎಣ್ಣೆ ಮುಗಿದು ಇಂಜಿನ್ ನಿಂತಾಗ ಕೆಳಗಿಂದ ಮಗುವಿನ ಚೀರಾಟ ಕೇಳಿಸಿತು. ಹಿಂದೆಯೇ ಯಜಮಾನಮ್ಮ ಏದುಸಿರು ಬಿಡುತ್ತಾ ಹತ್ತಿ ಬಂದರು.

“ಏನು ಮಾಡಿದ್ರಿ ಅದಕ್ಕೆ?”

“ನೀವು ಹೇಳಿದ ಹಾಗೇ ಅಮ್ಮಾ, ಒಂದೇ ಸಮ ಓಡೋ ಹಾಗೆ ಮಾಡಿದೆ.”

“ಮಗಳು ಈಗ ಬಾಯಿ ಬಿಡ್ತಾಳೆ. ಬಂದಾಗಿನಿಂದ ಕೂಸು ಆ ಬಿಕ್ಕೋ ಸದ್ದಿಗೇ ನಿದ್ದೆ ಮಾಡ್ತಿತ್ತಂತೆ. ಈ ಸದ್ದು ಶುರುವಾಗಿದ್ದೇ ತಡ, ಎದ್ದು ಕೂತಿದೆ. ಸಂಜೆಯೊಳಗೆ ಮೊದಲಿನ ಹಾಗೆ ಮಾಡಿ. ಇಲ್ಲಾಂದ್ರೆ ತಾರಸಿ ಖಾಲಿ ಮಾಡಿ.”

ಗುಮಾಸ್ತರು ತಿರುಗಿ ನೋಡುವಷ್ಟರಲ್ಲಿ ಚಾಲಕರೂ ದರ್ಜಿಯೂ ಮೆಟ್ಟಿಲಿಳಿದಾಗಿತ್ತು. ಗುಮಾಸ್ತರು ತಿರುಪನ್ನು ಸಡಿಲಿಸಿದರು, ಸೂಜಿಯನ್ನು ಬಿಗಿದರು, ಮತ್ತೆ ಅದಲುಬದಲು ಮಾಡಿದರು. ಇಂಜಿನ್ ಒಂದೋ ಹಾಡಿತು, ಇಲ್ಲವೇ ನಿಂತಿತು. ಬಿಕ್ಕಲು ಮಾತ್ರ ಏನು ಮಾಡಿದರೂ ಒಪ್ಪಲಿಲ್ಲ.