ಹದಿಮೂರನೆಯ ತುಂಡಿನ ವಿಷಯವಾಗಿ ಚಾಕು ಮಸೆಯುವ ಯಂತ್ರಕ್ಕೆ

ಗೊಂದರ್ ಪಟ್ಟಣ
ಫಾಸಿಕಾ (ಈಸ್ಟರ್) ಹಬ್ಬ ಕಳೆದು ಹತ್ತನೆಯ ದಿನ

ಮಾನ್ಯ ಯಂತ್ರದವರೇ,

ತಮ್ಮ ಇಕ್ಕಳಕ್ಕೆ, ಡಿಗ್ರಿ ಗುರುತಿನ ಕಂಬಕ್ಕೆ, ಕಲ್ಲು ಹೊತ್ತು ಹಿಂದೆ ಮುಂದೆ ಓಡಾಡುವ ಸರಳಿಗೆ ಶಿತಾಯೆಯ ನಮಸ್ಕಾರಗಳು. ತಾವು ನಮ್ಮ ಅಡುಗೆಮನೆಯ ಕಪಾಟಿನ ಮೇಲೆ ಕ್ಷೇಮವಾಗಿರುವುದನ್ನು ದಿನವೂ ನೋಡುತ್ತಿದ್ದೇನೆ. ನಾನು ಕ್ಷೇಮವಾಗಿಲ್ಲ. ಅದಕ್ಕೆ ಕಾರಣ ತಾವು.

ನಾನು ಹೈಸ್ಕೂಲು ಮುಗಿಸಿದವಳು, ಕೋನ ಎಂದರೇನೆಂದು ಬಲ್ಲೆ. ಆದರೆ ನಲವತ್ತೊಂದು ವರ್ಷ ನನ್ನ ಚಾಕುವನ್ನು ಹೊಸ್ತಿಲ ಪಕ್ಕದ ಕರಿಗಲ್ಲಿಗೆ ಉಜ್ಜುವಾಗ ಎಷ್ಟು ಡಿಗ್ರಿ ಎಂದು ಕಲ್ಲೂ ಕೇಳಲಿಲ್ಲ, ಚಾಕುವೂ ಕೇಳಲಿಲ್ಲ. ಮೂಳೆ ತಾಗಿದರೆ ಅದು ನಿಲ್ಲುತ್ತಿತ್ತು, ಕೀಲು ಸಿಕ್ಕರೆ ಒಳಗಿಳಿಯುತ್ತಿತ್ತು. ಹಬ್ಬದ ಸಾರಿಗೆ ಕೋಳಿ ಹನ್ನೆರಡೇ ತುಂಡಾಗಬೇಕು, ಯೇಸುವಿನ ಶಿಷ್ಯರಿದ್ದಷ್ಟು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಮುಖಕ್ಕಿಂತ ಮೊದಲು ಸಾರಿನ ಪಾತ್ರೆ ನೋಡುತ್ತಾರೆ. ಮಗನಿಗೆ ಹೆಣ್ಣು ನೋಡುವಾಗ ಹನ್ನೊಂದು ತುಂಡು ಮಾಡಿದ ಇಬ್ಬರು ಹುಡುಗಿಯರನ್ನು ನಾನೇ ಬೇಡವೆಂದಿದ್ದೆ, ಊರು ಅದನ್ನು ಮರೆತಿಲ್ಲ.

ಕಳೆದ ಭಾನುವಾರ ನನ್ನ ಮೊಮ್ಮಗಳು ರೆಡಿಯೆಟ್‌ಳನ್ನು ನೋಡಲು ಹುಡುಗನ ತಾಯಿ ಅಮ್ಸಾಲೆಯವರು ಬರುವವರಿದ್ದರು. ಮೂರು ವರ್ಷದಿಂದ ಹುಡುಗಿಗೆ ಕೀಲು ಹುಡುಕುವುದನ್ನು ಕಲಿಸಿದ್ದೆ. ಶುಕ್ರವಾರ ಮಗ ಅಸ್ರಾತ್ ರಾಜಧಾನಿಯಿಂದ ತಮ್ಮನ್ನು ಹೊತ್ತು ತಂದ. "ಅಮ್ಮಾ, ಆ ಕಲ್ಲು ಬಿಸಾಕು. ಇದ್ರಲ್ಲಿ ಕಣ್ಣು ಮುಚ್ಕೊಂಡು ಮಸೆದ್ರೂ ಕೋನ ತಪ್ಪಲ್ಲ," ಎಂದು ನನ್ನ ಚಾಕುವನ್ನು ಇಕ್ಕಳಕ್ಕೆ ಸಿಕ್ಕಿಸಿ, ಸರಳನ್ನು ಹದಿನೈದು ಡಿಗ್ರಿಗೆ ನಿಲ್ಲಿಸಿ, ಒರಟು ಕಲ್ಲಿನಿಂದ ನುಣುಪು ಕಲ್ಲಿನವರೆಗೆ ಮಧ್ಯಾಹ್ನವಿಡೀ ಉಜ್ಜಿದ. ಕೊನೆಗೆ ತನ್ನ ಮುಂಗೈ ಕೂದಲು ಬೋಳಿಸಿ ತೋರಿಸಿದ. ಕೋಳಿಯ ಪುಕ್ಕ ನಾವು ಕೈಯಿಂದಲೇ ಕೀಳುತ್ತೇವೆ, ಅದಕ್ಕೆ ಕ್ಷೌರ ಬೇಕಿಲ್ಲ ಎಂದೆ. ಅವನಿಗೆ ಕೇಳಿಸಲಿಲ್ಲ.

ತಮ್ಮ ಕೆಲಸವನ್ನು ಹೊಗಳದೆ ಇರಲಾರೆ. ಭಾನುವಾರ ಬೆಳಿಗ್ಗೆ ರೆಡಿಯೆಟ್ ಕೀಲು ಹುಡುಕುವ ಮೊದಲೇ ಚಾಕು ಕಾಲಿನ ಕೀಲನ್ನೂ ಅದರಾಚೆಯ ಮೂಳೆಯನ್ನೂ ಬೆಣ್ಣೆಯಂತೆ ದಾಟಿಹೋಯಿತು. ಹುಡುಗಿ ತುಂಡುಗಳನ್ನು ಎಣಿಸಿದಳು, ಮತ್ತೆ ಎಣಿಸಿದಳು. "ಅಜ್ಜೀ, ಹದಿಮೂರು," ಎಂದಳು. ಇನ್ನೊಂದು ಕೋಳಿ ತರೋಣವೆಂದರೆ ಅಮ್ಸಾಲೆಯವರು ಆಗಲೇ ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದರು. ಒಂದು ತುಂಡು ಬಚ್ಚಿಡೋಣವೆಂದರೆ ಅರ್ಧ ಕಾಲಿಲ್ಲದ ಕೋಳಿಯನ್ನು ಆಕೆ ಗುರುತಿಸದೆ ಇರುವ ಹೆಂಗಸಲ್ಲ.

ನಿರೀಕ್ಷೆಯಂತೆಯೇ ಆಕೆ ಸೌಟಿನಿಂದ ಎಣಿಸಿದರು. ಹನ್ನೆರಡಾದ ಮೇಲೂ ಸೌಟು ಮತ್ತೊಮ್ಮೆ ಏನನ್ನೋ ಎತ್ತಿತು. ರೆಡಿಯೆಟ್ ತಲೆ ತಗ್ಗಿಸಿದಳು. ಆಗ ನನ್ನ ಬಾಯಿಂದ ಬಂದ ಮಾತನ್ನು ನಾನೇ ನಂಬಲಾರೆ: "ಹುಡುಗೀನ ನೋಡ್ಬೇಡಿ. ಕೊಯ್ದಿದ್ದು ನಾನು."

"ಶಿತಾಯೆಯವರ ಕೈನೂ ತಪ್ಪುತ್ತಾ?" ಎಂದರು ಅಮ್ಸಾಲೆ. ಆ ಮಾತಿನಲ್ಲಿ ಎಷ್ಟು ಸಂತೋಷವಿತ್ತೆಂದು ಅಳೆಯಲು ತಮ್ಮ ಕಂಬದಲ್ಲಿ ಗುರುತಿಲ್ಲ. ಆಕೆ ಹದಿಮೂರನೆಯ ತುಂಡನ್ನೇ ಇಂಜೆರಾ ರೊಟ್ಟಿಯಲ್ಲಿ ಸುತ್ತಿ, ನಿಧಾನವಾಗಿ ತಿಂದು, ಬೆರಳು ಒರೆಸಿಕೊಂಡು, "ಹುಡುಗಿ ನಮಗಿರ್ಲಿ, ಚಾಕು ನಿಮಗೇ ಇರ್ಲಿ," ಎಂದರು. ಮದುವೆ ನಿಶ್ಚಯವಾಯಿತು. ನನ್ನ ನಲವತ್ತೊಂದು ವರ್ಷದ ಹೆಸರು ಆ ಸಂಜೆಯೊಳಗೆ ಮಾರುಕಟ್ಟೆ ತಲುಪಿತು. ಈಗ ಮೆಣಸಿನಪುಡಿ ಮಾರುವವಳೂ ನನಗೆ ಎರಡೆರಡು ಸಲ ಎಣಿಸಿ ಚಿಲ್ಲರೆ ಕೊಡುತ್ತಾಳೆ.

ಆದ್ದರಿಂದ ತಮ್ಮಲ್ಲಿ ವಿನಂತಿ ಇಷ್ಟೆ. ತಾವು ಅಷ್ಟು ನಿಖರವಾಗಿ ಬೇರೆ ಮಾಡಿದ ಆ ತುಂಡನ್ನು ಅಷ್ಟೇ ನಿಖರವಾಗಿ ಕೋಳಿಗೆ ಮರಳಿ ಅಂಟಿಸಬೇಕು. ತಿಂದಾಗಿದೆ ಎಂಬ ನೆಪ ಬೇಡ. ಅದಾಗದಿದ್ದರೆ ಅಸ್ರಾತ್‌ನ ನಾಲಿಗೆಯನ್ನು ಇಕ್ಕಳದಲ್ಲಿ ಹಿಡಿದು, ಅದು ಸ್ವಲ್ಪ ಮೊಂಡಾಗುವವರೆಗೆ ಉಜ್ಜಿಕೊಡಬೇಕು. ಡಿಗ್ರಿ ಎಷ್ಟೆಂಬುದನ್ನು ತಮ್ಮ ವಿವೇಚನೆಗೇ ಬಿಟ್ಟಿದ್ದೇನೆ.

ತಮ್ಮ ಹರಿತಕ್ಕೆ ತಲೆಬಾಗಿಯೂ ಮೊಂಡಾಗದೆ ಉಳಿದಿರುವ,
ತಮ್ಮ ವಿಶ್ವಾಸಿ,
ಶಿತಾಯೆ ಅಬಾತೆ

ಮರೆತ ಮಾತು: ಚಾಕುವನ್ನು ಹೊಸ್ತಿಲ ಕಲ್ಲಿಗೆ ನಾಲ್ಕು ಸಲ ಎಳೆದೆ, ಅದಕ್ಕೆ ಮತ್ತೆ ಬುದ್ಧಿ ಬಂದಿದೆ. ತಮ್ಮನ್ನು ಹೊಸ ಬಟ್ಟೆಯಲ್ಲಿ ಸುತ್ತಿ, ಮದುವೆಯ ಉಡುಗೊರೆಗಳ ಜೊತೆ ಅಮ್ಸಾಲೆಯವರ ಮನೆಗೆ ಕಳಿಸುತ್ತಿದ್ದೇನೆ. ಮುಂದಿನ ಫಾಸಿಕಾ ಅವರ ಮನೆಯಲ್ಲಿ, ಕೊಯ್ಯುವವರು ಅವರೇ. ಸೌಟು ನಾನೇ ತರುತ್ತೇನೆ.